ಗಂಡನ ಸಾಲಕ್ಕೆ ಹೆಂಡತಿ ಹೊಣೆಯೇ? ಮೊದಲು ಸಹಿ ಹುಡುಕಿ

ಕಳೆದ ಮುಂಗಾರಿನ ಒಂದು ಭಾನುವಾರ ಬೆಳಿಗ್ಗೆ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಸೀರೆ ಅಂಗಡಿಯ ಹಳೆಯ ಚೀಲವೊಂದನ್ನು ಎದೆಗೆ ಅವುಚಿಕೊಂಡು ನಮ್ಮ ಮನೆಗೆ ಬಂದಳು. ಚೀಲದ ತುಂಬ ಸಾಲದ ಕಾಗದಗಳು. ಅವಳ ಗಂಡ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ಫಿಟರ್ ಆಗಿದ್ದ. ಗುತ್ತಿಗೆ ಬದಲಾಯಿತು, ಹೊಸಬರು ಹಳಬರನ್ನು ಕರೆಯಲಿಲ್ಲ. ನಾಲ್ಕು ತಿಂಗಳಿಂದ ಮನೆಯಲ್ಲೇ ಇದ್ದ.

"ಅಕ್ಕಾ, ನಿನ್ನೆ ಸಂಜೆ ಇಬ್ಬರು ಬಂದಿದ್ದರು. ಗಂಡ ಕಟ್ಟದಿದ್ದರೆ ಹೆಂಡತಿ ಕಟ್ಟಬೇಕು, ಕಾನೂನು ಇರುವುದೇ ಹಾಗೆ ಎಂದು ಹೇಳಿ ಹೋದರು. ನನ್ನ ಹೊಲಿಗೆಯ ದುಡ್ಡನ್ನೂ ಅವರು ತೆಗೆದುಕೊಂಡು ಹೋಗಬಹುದೇ?"

ಕಲಬುರಗಿಯಲ್ಲಿಯೂ ಅದರ ತಾಲ್ಲೂಕುಗಳಲ್ಲಿಯೂ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಅಂಥ ಕಾನೂನನ್ನು ನಾನು ಎಂದೂ ಕಂಡಿಲ್ಲ. ಆದರೂ ಈ ಮಾತು ನಮ್ಮ ಭಾಗದಲ್ಲಿ ಎಷ್ಟು ಬಲವಾಗಿ ಬೇರೂರಿದೆ ಎಂದರೆ, ಕೊರಳಿನ ತಾಳಿ ಬಿಟ್ಟು ಮೈಮೇಲಿನ ಎಲ್ಲವನ್ನೂ ಮಾರಿ ಗಂಡನ ಸಾಲ ತೀರಿಸಿದ ಹೆಣ್ಣುಮಕ್ಕಳನ್ನು ನನ್ನ ಮೇಜಿನ ಎದುರಿಗೇ ಕಂಡಿದ್ದೇನೆ. ಅವರಲ್ಲಿ ಎಷ್ಟೋ ಮಂದಿ ಕಟ್ಟಬೇಕಾದ ಹೊಣೆಯೇ ಇಲ್ಲದವರು. ಇನ್ನು ಕೆಲವರು, ಇದು ಗಂಡನ ಸಾಲ, ನನಗೇನು ಎಂದು ನಿಶ್ಚಿಂತೆಯಿಂದ ಇದ್ದವರು, ನೋಟಿಸು ಬಂದ ದಿನ ಕುಸಿದು ಕುಳಿತದ್ದನ್ನೂ ಕಂಡಿದ್ದೇನೆ. ಇಬ್ಬರಿಗೂ ಗೊತ್ತಿರಬೇಕಾದ ಸಂಗತಿ ಒಂದೇ. ಮದುವೆಯಿಂದ ಸಾಲದ ಹೊಣೆ ಬರುವುದಿಲ್ಲ, ಸಹಿಯಿಂದ ಬರುತ್ತದೆ.

ನಮ್ಮ ದೇಶದಲ್ಲಿ ಗೋವೆಯಂಥ ಹಳೆಯ ಪೋರ್ಚುಗೀಸ್ ಪ್ರದೇಶಗಳನ್ನು ಬಿಟ್ಟರೆ ಬೇರೆಲ್ಲೂ ಗಂಡ ಹೆಂಡಿರ ಆಸ್ತಿಯನ್ನು ಮದುವೆಯ ಕಾರಣಕ್ಕೇ ಒಂದಾಗಿ ಎಣಿಸುವ ಪದ್ಧತಿ ಇಲ್ಲ. ಅವನು ಗಳಿಸಿದ್ದು ಅವನದು, ಅವಳು ಗಳಿಸಿದ್ದು ಅವಳದು. ಸಾಲಕ್ಕೂ ಇದೇ ಲೆಕ್ಕ. ಸಾಲ ಎಂದರೆ ಒಂದು ಕರಾರು, 1872ರ ಭಾರತೀಯ ಕರಾರು ಕಾಯ್ದೆಗೆ ಒಳಪಟ್ಟದ್ದು. ಕರಾರಿನಲ್ಲಿ ಯಾರು ಇದ್ದಾರೆಯೋ ಅವರನ್ನಷ್ಟೇ ಅದು ಕಟ್ಟಿಹಾಕುತ್ತದೆ. ಸಾಲ ತೆಗೆದುಕೊಂಡವನಿಗೆ ನೌಕರಿ ಇದೆಯೋ ಹೋಯಿತೋ ಎಂಬುದರಿಂದ ಹೊಣೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಜಾರುವುದಿಲ್ಲ. ನೌಕರಿ ಹೋದರೆ ಕಂತು ತಪ್ಪುತ್ತದೆ. ಆದರೆ ಸಾಲಗಾರನ ಜಾಗದಲ್ಲಿ ಹೆಂಡತಿ ಬಂದು ನಿಲ್ಲುವುದಿಲ್ಲ.

ಅವಳ ಚೀಲವನ್ನು ಪಡಸಾಲೆಯಲ್ಲಿ ಚಾಪೆಯ ಮೇಲೆ ಸುರಿದೆವು. ಪ್ರತಿ ಕಾಗದದ ಕೊನೆಯ ಪುಟ ತೆರೆದು, ಅವಳ ಸಹಿ ಎಲ್ಲೆಲ್ಲಿ ಇದೆ, ಯಾವ ಪದದ ಕೆಳಗೆ ಇದೆ ಎಂದು ನೋಡುತ್ತ ಹೋದೆವು. ಗುಂಪು ಮಾಡಿ ಇಟ್ಟಾಗ ನಾಲ್ಕು ಕಂತೆಗಳಾದವು.

ಮೊದಲ ಕಂತೆ, ಖಾಸಗಿ ಬ್ಯಾಂಕೊಂದರಿಂದ ಗಂಡ ತೆಗೆದ ವೈಯಕ್ತಿಕ ಸಾಲ ಮತ್ತು ಅವನ ಕ್ರೆಡಿಟ್ ಕಾರ್ಡು. ಎರಡರಲ್ಲಿಯೂ ಅವಳ ಸಹಿ ಇಲ್ಲ. ವೈಯಕ್ತಿಕ ಸಾಲದ ಅರ್ಜಿಯಲ್ಲಿ ಅವಳ ಹೆಸರೂ ಮೊಬೈಲ್ ಸಂಖ್ಯೆಯೂ ಇದ್ದವು, ಆದರೆ 'ಪರಿಚಯಸ್ಥರು' ಎಂಬ ಅಂಕಣದಲ್ಲಿ. ಹಿಂದಿನ ಸಂಜೆ ಬಂದು ಬೆದರಿಸಿದವರು ಈ ಸಾಲದವರೇ. ಪರಿಚಯಸ್ಥರೆಂದು ಹೆಸರು ಬರೆದ ಮಾತ್ರಕ್ಕೆ ಯಾರೂ ಸಾಲಕ್ಕೆ ಹೊಣೆಯಾಗುವುದಿಲ್ಲ. ಈ ಕಂತೆಯ ಮಟ್ಟಿಗೆ ಅವಳು ಒಂದು ರೂಪಾಯಿಯನ್ನೂ ಕಟ್ಟಬೇಕಾಗಿಲ್ಲ. ಬ್ಯಾಂಕು ನ್ಯಾಯಾಲಯಕ್ಕೆ ಹೋಗಿ ಡಿಕ್ರಿ, ಅಂದರೆ ಹಣ ಕಟ್ಟಬೇಕೆಂಬ ತೀರ್ಪಿನ ಆದೇಶ, ತಂದರೂ ಅದು ಗಂಡನ ಆಸ್ತಿಯ ಮೇಲೆ ಮಾತ್ರ ನಡೆಯುತ್ತದೆ.

ಎರಡನೆಯದು ಪತ್ತಿನ ಸಹಕಾರ ಸಂಘದ ಸಾಲ. ಇಲ್ಲಿ ಅವಳು ಜಾಮೀನುದಾರಳು. "ಸುಮ್ಮನೆ ಒಂದು ಸಹಿ ಬೇಕು ಎಂದರು, ಮಾಡಿದೆ" ಎಂದಳು. ಈ ವಾಕ್ಯವನ್ನು ನಾನು ಬ್ಯಾಂಕಿನಲ್ಲಿ ಎಷ್ಟು ಸಲ ಕೇಳಿದ್ದೇನೆಯೋ ಲೆಕ್ಕವಿಲ್ಲ. ಜಾಮೀನು ಎಂದರೆ ಸಾಕ್ಷಿ ಎಂದೇ ನಮ್ಮ ಜನ ತಿಳಿದಿದ್ದಾರೆ. ಎರಡಕ್ಕೂ ಆಕಾಶ ಭೂಮಿಯ ಅಂತರ. ಸಾಕ್ಷಿಯಾಗಿ ಸಹಿ ಮಾಡಿದವರು ಇವರು ನನ್ನ ಎದುರಿಗೆ ಸಹಿ ಮಾಡಿದರು ಎಂದಷ್ಟೇ ಹೇಳುತ್ತಾರೆ. ಜಾಮೀನುದಾರರು ಅವನು ಕೊಡದಿದ್ದರೆ ನಾನು ಕೊಡುತ್ತೇನೆ ಎಂದು ಮಾತು ಕೊಡುತ್ತಾರೆ. ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಒಪ್ಪಂದದಲ್ಲಿ ಬೇರೆ ರೀತಿ ಬರೆಯದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಮೊದಲು ಗಂಡನಿಂದ ವಸೂಲಿ ಮಾಡಿ, ಅದು ಆಗದಿದ್ದರೆ ನನ್ನ ಹತ್ತಿರ ಬನ್ನಿ ಎನ್ನುವ ಹಕ್ಕು ಸಾಮಾನ್ಯವಾಗಿ ಅವರಿಗೆ ಇಲ್ಲ. ನೇರವಾಗಿ ಅವರ ಬಾಗಿಲಿಗೇ ಬರಬಹುದೆಂದು ಸುಪ್ರೀಂ ಕೋರ್ಟ್ ಅರ್ಧ ಶತಮಾನದ ಹಿಂದೆಯೇ ಹೇಳಿದೆ. ಸಹಕಾರ ಸಂಘದ ಸಾಲವಾದರೆ ದಾವೆ ಸಿವಿಲ್ ನ್ಯಾಯಾಲಯದ ಬದಲು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಅಡಿ ಸಹಕಾರ ಇಲಾಖೆಯ ಅಧಿಕಾರಿಯ ಎದುರು ನಡೆಯುತ್ತದೆ. ಆ ಕಚೇರಿಯ ನೋಟಿಸು ಬಂದರೆ ಇದು ಕೋರ್ಟಿನದಲ್ಲ ಎಂದು ಮೂಲೆಗೆ ಇಡಬಾರದು. ಹಾಜರಾಗದಿದ್ದರೆ ಆದೇಶ ಏಕಪಕ್ಷೀಯವಾಗಿ ಆಗಿಬಿಡುತ್ತದೆ.

ಜಾಮೀನುದಾರರಿಗೆ ಹಕ್ಕುಗಳೂ ಇವೆ, ಅವನ್ನು ಯಾರೂ ಹೇಳಿಕೊಡುವುದಿಲ್ಲ. ಅವಳು ಗಂಡನ ಪರವಾಗಿ ಎಷ್ಟು ಕಟ್ಟುತ್ತಾಳೆಯೋ ಅಷ್ಟನ್ನು ಅವನಿಂದ ವಾಪಸು ಕೇಳುವ ಹಕ್ಕು ಅವಳಿಗಿದೆ. ಗಂಡನಿಂದ ಕೇಳಿ ಪಡೆಯುವುದೆಂದರೆ ನಗೆಪಾಟಲಾಗಿ ಕಾಣಬಹುದು. ಸಂಸಾರ ಮುರಿದುಬಿದ್ದಾಗ ಅದೇ ಹಕ್ಕು ಕೈಹಿಡಿಯುತ್ತದೆ, ಹಾಗಾಗಿ ಕಟ್ಟಿದ ಪ್ರತಿ ಕಂತಿನ ರಸೀದಿ ಅವಳ ಹೆಸರಿನಲ್ಲೇ ಇರಬೇಕು. ಇನ್ನೊಂದು, ಜಾಮೀನುದಾರರನ್ನು ಕೇಳದೆ ಸಾಲದ ಷರತ್ತು ಬದಲಾಯಿಸಿದರೆ, ಬದಲಾವಣೆಯ ನಂತರದ ವ್ಯವಹಾರಕ್ಕೆ ಅವರು ಹೊಣೆಯಲ್ಲ ಎಂದು 133ನೇ ಕಲಂ ಹೇಳುತ್ತದೆ. ನೌಕರಿ ಹೋದ ಮೇಲೆ ಸಾಲದ ಅವಧಿ ಹೆಚ್ಚಿಸಿಕೊಡುತ್ತೇವೆ ಎಂದು ಸಂಘದವರು ಹೆಂಡತಿಯನ್ನೂ ಕರೆದು ಹೊಸ ಹಾಳೆಗೆ ಸಹಿ ಕೇಳುವುದು ಇದೇ ಕಾರಣಕ್ಕೆ. ಸಹಿ ಮಾಡಿದರೆ ಕಂತು ಸಣ್ಣದಾಗಬಹುದು, ಜೊತೆಗೆ ಅವಳ ಹೊಣೆ ಮತ್ತಷ್ಟು ವರ್ಷ ಮುಂದುವರಿಯುತ್ತದೆ. ಮಾಡಬಾರದು ಎಂದು ನಾನು ಹೇಳುವುದಿಲ್ಲ. ಎಷ್ಟೋ ಮನೆಗಳಿಗೆ ಅದೇ ಒಳ್ಳೆಯ ದಾರಿ. ಏನಕ್ಕೆ ಸಹಿ ಮಾಡುತ್ತಿದ್ದೇನೆ ಎಂದು ತಿಳಿದು ಮಾಡಬೇಕು, ಪ್ರತಿಯೊಂದನ್ನು ಮನೆಗೆ ತರಬೇಕು.

ಮೂರನೆಯ ಕಂತೆ ಮನೆ ಕಟ್ಟಲು ತೆಗೆದ ಸಾಲ, ಅದರಲ್ಲಿ ಇಬ್ಬರೂ ಸಾಲಗಾರರು. ಹೀಗೆ ಜಂಟಿಯಾಗಿ ಸಹಿ ಮಾಡಿದರೆ ಅರ್ಧ ಅವನದು, ಅರ್ಧ ನನ್ನದು ಎಂಬ ಲೆಕ್ಕ ಬ್ಯಾಂಕಿನ ಮುಂದೆ ನಡೆಯುವುದಿಲ್ಲ. ಪೂರ್ತಿ ಸಾಲವನ್ನು ಇಬ್ಬರಲ್ಲಿ ಯಾರಿಂದಲಾದರೂ ಕೇಳಬಹುದು. ವಿಚ್ಛೇದನವಾದರೂ ಬ್ಯಾಂಕಿನೊಂದಿಗಿನ ಕರಾರು ಮುರಿಯುವುದಿಲ್ಲ. ಕಂತು 90 ದಿನ ತಪ್ಪಿದರೆ ಸಾಲ ವಸೂಲಾಗದ ಸಾಲಗಳ ಪಟ್ಟಿಗೆ ಸೇರುತ್ತದೆ. ಆಮೇಲೆ, ಅಡವಿಟ್ಟ ಆಸ್ತಿಯನ್ನು ಬ್ಯಾಂಕು ತಾನೇ ವಶಪಡಿಸಿಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು ಬರುತ್ತದೆ. ಆ 60 ದಿನ ಅಳುತ್ತ ಕೂಡುವ ಕಾಲವಲ್ಲ. ನೋಟಿಸಿಗೆ ಲಿಖಿತ ಆಕ್ಷೇಪಣೆ ಕೊಟ್ಟರೆ 15 ದಿನಗಳೊಳಗೆ ಬ್ಯಾಂಕು ಉತ್ತರಿಸಲೇಬೇಕು. ಈ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಹೊಲ ಅಡವಿಟ್ಟವರು ನೆನಪಿಡಬೇಕು.

ಅವಳನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ನಾಲ್ಕನೆಯ ಕಂತೆ. ಮಹಿಳಾ ಗುಂಪಿನ ಮೂಲಕ ಫೈನಾನ್ಸ್‌ನವರಿಂದ ತೆಗೆದ 50,000 ರೂಪಾಯಿ. "ಇದು ನಮ್ಮ ಮನೆಯವರ ಸಾಲ ಅಕ್ಕಾ. ದುಡ್ಡು ಅವರೇ ತೆಗೆದುಕೊಂಡು ಗಾಡಿ ರಿಪೇರಿಗೆ, ತಂಗಿಯ ಮದುವೆಗೆ ಹಾಕಿದರು" ಎಂದಳು. ಕಾಗದ ಬೇರೆಯದನ್ನೇ ಹೇಳುತ್ತಿತ್ತು. ಸಾಲಗಾರ್ತಿ ಅವಳು, ಫೋಟೋ ಅವಳದು, ಹೆಬ್ಬೆಟ್ಟು ಒತ್ತಿದ್ದೂ ಅವಳೇ. ಗಂಡನ ಹೆಸರು 'ನಾಮಿನಿ' ಎಂಬಲ್ಲಿ ಮಾತ್ರ. ಕಲಬುರಗಿ, ಬೀದರ್, ಯಾದಗಿರಿಯ ಹಳ್ಳಿಗಳಲ್ಲಿ ಗುಂಪಿನ ಸಾಲದ ಕಥೆ ಹೆಚ್ಚಾಗಿ ಇದೇ. ಹೆಂಡತಿಯ ಹೆಸರಿನಲ್ಲಿ ಬರುತ್ತದೆ, ಗಂಡನ ಕೈಯಲ್ಲಿ ಖರ್ಚಾಗುತ್ತದೆ, ಗಂಡನ ಪಗಾರದಿಂದ ತೀರುತ್ತಿರುತ್ತದೆ. ಪಗಾರ ನಿಂತ ದಿನ ಸಾಲ ಯಾರದು ಎಂಬ ಪ್ರಶ್ನೆ ಏಳುತ್ತದೆ, ಆಗ ಉತ್ತರ ಹೆಂಡತಿಯ ವಿರುದ್ಧ ಬರುತ್ತದೆ. ದುಡ್ಡು ಯಾರು ಖರ್ಚು ಮಾಡಿದರು ಎಂಬುದು ಕರಾರಿಗೆ ಬೇಕಿಲ್ಲ.

ಆದರೆ ಈ ಸಾಲಕ್ಕೂ ನಿಯಮಗಳಿವೆ. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದು ಕಿರುಸಾಲ. ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಹೊಸ ಸಾಲ ಕೊಡುವಂತಿಲ್ಲ. ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಸಾಲದ ಕಾರ್ಡು ಕೊಡಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಹಕ್ಕು. ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಕಂತು ಕಟ್ಟುವ ಜಾಗ ಇಬ್ಬರೂ ಒಪ್ಪಿದ್ದಾಗಿರಬೇಕು. ಸತತವಾಗಿ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಇತರ ಬ್ಯಾಂಕ್ ಮತ್ತು ಫೈನಾನ್ಸ್ ಸಾಲಗಳಿಗೆ ಕರೆಯ ಸಮಯ ಬೆಳಿಗ್ಗೆ 8ರಿಂದ ಸಂಜೆ 7. ಇದರ ಮೇಲೆ, ವಸೂಲಿಯ ಕಿರುಕುಳದಿಂದ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ಹೆಚ್ಚಿದಾಗ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಳಿಕ ಅದನ್ನು ಕಾಯ್ದೆ ಮಾಡಿತು. ಬಲವಂತದ ವಸೂಲಿಗೆ ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ.

ಚೀಲದ ತಳದಲ್ಲಿ ಒಂದು ಚೆಕ್ ಪುಸ್ತಕ ಉಳಿದಿತ್ತು, ಗಂಡ ಹೆಂಡಿರ ಜಂಟಿ ಖಾತೆಯದು. ಅದರಿಂದ ಎರಡು ಖಾಲಿ ಚೆಕ್ಕುಗಳನ್ನು ಅವನು ಸಹಿ ಮಾಡಿ ಪರಿಚಯದ ಸಾಹುಕಾರರೊಬ್ಬರಿಗೆ ಕೈಗಡದ ಭದ್ರತೆಗೆಂದು ಕೊಟ್ಟಿದ್ದ. ಚೆಕ್ ಬೌನ್ಸ್ ಆದರೆ ಇಬ್ಬರ ಮೇಲೂ ಕೇಸು ಹಾಕುತ್ತೇನೆ ಎಂದು ಅವರು ಹೇಳಿ ಕಳುಹಿಸಿದ್ದರಂತೆ. ಖಾತೆ ಜಂಟಿಯಾಗಿದ್ದರೂ ಚೆಕ್ಕಿಗೆ ಸಹಿ ಮಾಡದ ಹೆಂಡತಿಯ ಮೇಲೆ ಚೆಕ್ ಬೌನ್ಸ್ ಪ್ರಕರಣ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿದೆ. ಸಹಿ ಮಾಡಿದ ಗಂಡನಿಗೆ ಮಾತ್ರ ಅಪಾಯ ಇದ್ದೇ ಇದೆ. ನೋಟಿಸು ತಲುಪಿದ ದಿನದಿಂದ ಹಣ ಕಟ್ಟಲು ಅವನಿಗೆ 15 ದಿನವಿರುತ್ತದೆ. ಜಂಟಿ ಖಾತೆಯ ಬಗ್ಗೆ ನನ್ನ ಸಲಹೆ ಸರಳ: ಹೊಲಿಗೆಯ ದುಡ್ಡು, ಕೂಲಿಯ ದುಡ್ಡು, ತವರಿನವರು ಕೊಟ್ಟದ್ದು, ಇವು ಹೆಂಡತಿಯ ಒಬ್ಬಳ ಹೆಸರಿನ ಖಾತೆಯಲ್ಲಿ, ಸಾಲ ಕೊಟ್ಟ ಬ್ಯಾಂಕನ್ನು ಬಿಟ್ಟು ಬೇರೆ ಬ್ಯಾಂಕಿನಲ್ಲಿ ಇರಲಿ. ಎಲ್ಲವೂ ಒಂದರಲ್ಲೇ ಬೆರೆತರೆ ಯಾವುದು ಯಾರದು ಎಂದು ಆಮೇಲೆ ತೋರಿಸುವ ಕೆಲಸ ಅವಳ ತಲೆಗೇ ಬರುತ್ತದೆ.

ಈಗ ಅವಳ ಮೊದಲ ಪ್ರಶ್ನೆ, ಏನನ್ನು ತೆಗೆದುಕೊಂಡು ಹೋಗಬಹುದು? ವಸೂಲಿಗೆ ಬಂದ ಯಾರೂ ಮನೆಯೊಳಗಿನ ಪಾತ್ರೆಪಗಡ ಎತ್ತಿಕೊಂಡು ಹೋಗುವಂತಿಲ್ಲ. ಜಪ್ತಿ ಎಂಬುದು ಸಾಮಾನ್ಯವಾಗಿ ನ್ಯಾಯಾಲಯದ ಆದೇಶದಿಂದ ಅಲ್ಲಿನ ನೌಕರನಾದ ಬೇಲಿಫ್ ಮಾಡುವ ಕೆಲಸ. ಅವರಿಗೂ ಗೆರೆ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಸಾಲಗಾರನ, ಅವನ ಹೆಂಡತಿ ಮಕ್ಕಳ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಣ್ಣು ಮೈಯಿಂದ ತೆಗೆಯಬಾರದ ಒಡವೆ ಮುಟ್ಟುವಂತಿಲ್ಲ. ಕಸುಬುದಾರರ ಉಪಕರಣ, ರೈತನ ಬಿತ್ತನೆಯ ಬೀಜ, ನೇಗಿಲು ಕೂರಿಗೆ, ಉಳುವ ಎತ್ತು ಇವೂ ಹಾಗೆಯೇ. ಡಿಕ್ರಿ ಗಂಡನ ಮೇಲೆ ಇದ್ದು, ಹೆಂಡತಿಯ ಹೊಲಿಗೆ ಯಂತ್ರವನ್ನೋ ತವರಿನ ಬಂಗಾರವನ್ನೋ ಜಪ್ತಿ ಮಾಡಿದರೆ, ಇದು ನನ್ನದು ಎಂದು ಅದೇ ನ್ಯಾಯಾಲಯದಲ್ಲಿ ತಕರಾರು ಅರ್ಜಿ ಹಾಕಬಹುದು. ಯಂತ್ರ ಕೊಂಡ ಬಿಲ್ಲು, ಬಂಗಾರದ ಅಂಗಡಿಯ ಚೀಟಿ, ಮದುವೆಯಲ್ಲಿ ಆ ಒಡವೆ ಹಾಕಿಕೊಂಡ ಫೋಟೋ ಆಗ ಕೆಲಸಕ್ಕೆ ಬರುತ್ತವೆ. ಸ್ತ್ರೀಧನ, ಅಂದರೆ ಮದುವೆಯಲ್ಲಿ ಮತ್ತು ತವರಿನಿಂದ ಅವಳಿಗೆ ಬಂದದ್ದು, ಹೆಂಡತಿಯದೇ ಎಂಬುದನ್ನು ಸುಪ್ರೀಂ ಕೋರ್ಟ್ 1985ರಲ್ಲಿಯೇ ಸ್ಪಷ್ಟಪಡಿಸಿದೆ. ಆದರೆ ಅದೇ ಬಂಗಾರವನ್ನು ಅವಳ ಒಪ್ಪಿಗೆಯಿಂದ ಬ್ಯಾಂಕಿನಲ್ಲಿ ಅಡವಿಟ್ಟಿದ್ದರೆ ಈ ರಕ್ಷಣೆ ಇಲ್ಲ. ಸಾಲ ತೀರದಿದ್ದರೆ ನೋಟಿಸು ಕೊಟ್ಟು ಹರಾಜು ಹಾಕುತ್ತಾರೆ.

ಹಣದ ಡಿಕ್ರಿಯ ವಸೂಲಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ ಎಂದು ಅದೇ ಸಂಹಿತೆಯ 56ನೇ ಕಲಂ ಹೇಳುತ್ತದೆ. ಪೊಲೀಸರನ್ನು ಕರೆತಂದು ಒಳಗೆ ಹಾಕಿಸುತ್ತೇವೆ ಎಂಬ ಬೆದರಿಕೆ ಕೇಳಿದ ಪ್ರತಿಯೊಬ್ಬ ತಾಯಿಗೂ ಇದು ತಿಳಿಯಲಿ ಎಂಬುದು ನನ್ನ ಆಸೆ.

ಗಂಡನ ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿಯನ್ನೂ ಸಾಲಕ್ಕಾಗಿ ಜಪ್ತಿ ಮಾಡುವಂತಿಲ್ಲ. ಗುತ್ತಿಗೆ ಕಾರ್ಮಿಕರಿಗೂ ಭವಿಷ್ಯ ನಿಧಿ ಇರುತ್ತದೆ, ಕೇಳಿ ಪಡೆಯಬೇಕು. ದುಡ್ಡು ಒಮ್ಮೆ ಬ್ಯಾಂಕ್ ಖಾತೆಗೆ ಬಂದ ಮೇಲೂ ಅದೇ ರಕ್ಷಣೆ ಇರುತ್ತದೆ ಎಂದು ನಂಬಿ ಕೂಡಬಾರದು.

ಇದೆಲ್ಲ ಕೇಳಿದ ಮೇಲೆ ಅವಳು ತಗ್ಗಿದ ದನಿಯಲ್ಲಿ, "ಹಾಗಾದರೆ ಅವರ ಹೆಸರಿನ ಪ್ಲಾಟು ಈಗಲೇ ನನ್ನ ಹೆಸರಿಗೆ ಮಾಡಿಸಿಕೊಂಡರೆ?" ಎಂದು ಕೇಳಿದಳು. ಯಾರೋ ಹೇಳಿಕೊಟ್ಟಿದ್ದರು. ಬೇಡ ಎಂದೆ. ಸಾಲ ಕೊಟ್ಟವರಿಗೆ ವಂಚಿಸಲೆಂದೇ ಮಾಡಿದ ವರ್ಗಾವಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಅಡಿ ರದ್ದು ಮಾಡಿಸಬಹುದು. ನೋಂದಣಿಯ ಖರ್ಚು ದಂಡ, ಮೇಲೆ ನ್ಯಾಯಾಲಯದ ಕಣ್ಣಿನಲ್ಲಿ ಇಬ್ಬರ ಮೇಲೂ ಅನುಮಾನ. ಅಷ್ಟೂ ಸಾಲದೆಂಬಂತೆ, ನಾಳೆ ಸಾಲದವರೊಂದಿಗೆ ಮಾತುಕತೆಗೆ ಕುಳಿತಾಗ ಪ್ರಾಮಾಣಿಕತೆಯೇ ಗಂಡ ಹೆಂಡಿರ ಕೈಯಲ್ಲಿ ಉಳಿಯುವ ದೊಡ್ಡ ಬಲ, ಅದನ್ನು ಕಳೆದುಕೊಳ್ಳಬಾರದು.

ಕೆಲವು ಅಕ್ಕಪಕ್ಕದ ಮಾತುಗಳು. ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಬೇರೆ. ಗಂಡನ ಜೊತೆ ಬಾಳುತ್ತಿರುವ ಹೆಂಡತಿ ಮನೆಗೆ ಬೇಕಾದ ಜೋಳ, ಬೇಳೆ, ಎಣ್ಣೆಯನ್ನು ಉದ್ರಿ ತಂದರೆ, ಅವನ ಪರವಾಗಿಯೇ ತಂದಳು ಎಂದು ಸಾಮಾನ್ಯವಾಗಿ ಎಣಿಸುತ್ತಾರೆ, ಕೊಡಬೇಕಾದವನು ಗಂಡ. ಗಂಡ ತೀರಿಕೊಂಡರೆ ಅವನು ಬಿಟ್ಟುಹೋದ ಆಸ್ತಿಯ ಮಿತಿಯಲ್ಲಿ ಮಾತ್ರ ವಾರಸುದಾರರು ಸಾಲ ತೀರಿಸಬೇಕು, ಏನೂ ಬಿಟ್ಟಿಲ್ಲದಿದ್ದರೆ ಏನೂ ಇಲ್ಲ. ತಂದೆಯ ಸಾಲವನ್ನು ಮಗ ಧರ್ಮದ ಹೊಣೆಯೆಂದು ತೀರಿಸಲೇಬೇಕೆಂಬ ಹಳೆಯ ನಿಯಮವನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಆ ನಂತರದ ಸಾಲಗಳಿಗೆ ತೆಗೆದುಹಾಕಿದೆ. ಮುಸ್ಲಿಂ ಕುಟುಂಬಗಳಲ್ಲಿ ಹೆಂಡತಿಗೆ ಸಲ್ಲಬೇಕಾದ ಮೆಹರ್ ಗಂಡನ ಮೇಲಿನ ಸಾಲವೇ. ಅಲ್ಲಿ ಅವಳು ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲುತ್ತಾಳೆ.

ನೌಕರಿ ಹೋದ ಮನೆಗೆ ಬರುವ ಹೊಸ ಕಾಗದಗಳ ಬಗ್ಗೆ ನನಗೆ ಹೆಚ್ಚು ಭಯ. ಮಾತಿನಲ್ಲಿ ಅವು ಬಹಳ ಮೃದುವಾಗಿರುತ್ತವೆ. "ಹಳೆಯದಕ್ಕೇ ಸಂಬಂಧಿಸಿದ್ದು ವೈನಿ, ಬರೀ ನವೀಕರಣ" ಎನ್ನುತ್ತಾರೆ. ಹಣದ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಅವಧಿಯೊಳಗೆ ಸಾಲ ಬಾಕಿ ಇದೆ ಎಂದು ಬರೆದುಕೊಟ್ಟರೆ ಆ ಮೂರು ವರ್ಷ ಮೊದಲಿನಿಂದ ಶುರುವಾಗುತ್ತದೆ. ಅವಧಿ ಮುಗಿದ ಸಾಲಕ್ಕೂ, ಕೊಡುತ್ತೇನೆ ಎಂದು ಹೊಸದಾಗಿ ಬರೆದು ಸಹಿ ಮಾಡಿದರೆ ಜೀವ ಬರುತ್ತದೆ. ಇಂಥ ಹಾಳೆಯಲ್ಲಿ ಹೆಂಡತಿಯ ಸಹಿ ಸೇರಿದರೆ, ನಿನ್ನೆಯವರೆಗೆ ಹೊಣೆಯೇ ಇಲ್ಲದವಳು ಇಂದಿನಿಂದ ಸಾಲಗಾರಳಾಗಬಹುದು. ಬಾಗಿಲಲ್ಲಿ ನಿಂತು, ಬೈಕಿನ ಸೀಟಿನ ಮೇಲೆ ಇಟ್ಟ ಹಾಳೆಗೆ ಯಾರೂ ಸಹಿ ಮಾಡಬೇಡಿ. ಬಿಟ್ಟುಹೋಗಿ, ಓದಿಸಿಕೊಂಡು ಹೇಳುತ್ತೇನೆ ಎನ್ನಿ. ಖಾಲಿ ಬಾಂಡ್ ಪೇಪರಿಗಂತೂ ದೇವರ ಆಣೆ ಮಾಡಿ ಹೇಳಿದರೂ ಬೇಡ.

ಓದಿಸಿಕೊಳ್ಳಲು ಜಾಗ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಜಿಲ್ಲಾ ನ್ಯಾಯಾಲಯದ ಜೊತೆಗೇ ಕೆಲಸ ಮಾಡುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. 15100ಕ್ಕೆ ಕರೆ ಮಾಡಿದರೂ ಆಯಿತು. ಬ್ಯಾಂಕ್ ಅಥವಾ ಫೈನಾನ್ಸ್‌ನವರ ಮೇಲಿನ ದೂರಿಗೆ ಅವರು 30 ದಿನಗಳಲ್ಲಿ ಉತ್ತರಿಸದಿದ್ದರೆ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಅದರ ಸಹಾಯವಾಣಿ 14448.

ಅಂದು ಮಧ್ಯಾಹ್ನ ನಾವು ಎರಡು ಪತ್ರ ಬರೆದೆವು. ಒಂದು ಖಾಸಗಿ ಬ್ಯಾಂಕಿಗೆ ಅವಳ ಹೆಸರಿನಲ್ಲಿ: ಈ ಸಾಲದಲ್ಲಿ ನನ್ನ ಸಹಿ ಇಲ್ಲ, ನನಗೆ ಕರೆ ಮಾಡುವುದನ್ನೂ ಮನೆಗೆ ಬಂದು ನನ್ನಿಂದ ಹಣ ಕೇಳುವುದನ್ನೂ ನಿಲ್ಲಿಸಿ, ನನ್ನ ಸಹಿ ಇದೆ ಎನ್ನುವುದಾದರೆ ಆ ಕಾಗದದ ಪ್ರತಿ ಕಳುಹಿಸಿ. ಇನ್ನೊಂದು ಮನೆ ಸಾಲದ ಬ್ಯಾಂಕಿಗೆ, ಗಂಡ ಹೆಂಡತಿ ಇಬ್ಬರ ಸಹಿಯೊಂದಿಗೆ: ನೌಕರಿ ಹೋಗಿದೆ, ಕಂತು ಇಳಿಸಿ ಅವಧಿ ಹೆಚ್ಚಿಸಿಕೊಡಿ, ಸದ್ಯ ತಿಂಗಳಿಗೆ ಇಷ್ಟು ಕಟ್ಟಬಲ್ಲೆವು. 90 ದಿನ ತುಂಬುವ ಮೊದಲೇ ಇಂಥ ಪತ್ರ ಹೋದರೆ ಬ್ಯಾಂಕಿನವರು ಕೇಳುವ ರೀತಿಯೇ ಬೇರೆ, ಇದು ನನ್ನ ಅನುಭವ. ಎರಡನ್ನೂ ಅಂಚೆ ಕಚೇರಿಯಿಂದ ಸ್ವೀಕೃತಿ ಬರುವಂತೆ ಕಳುಹಿಸಿ, ರಸೀದಿಗಳನ್ನು ಅದೇ ಸೀರೆ ಚೀಲದಲ್ಲಿ ಹಾಕಿಟ್ಟಳು.

ತೊಗರಿ ಸುಗ್ಗಿಯ ಹೊತ್ತಿಗೆ ಗಂಡನಿಗೆ ಊರಿನ ದಾಲ್‌ಮಿಲ್ಲೊಂದರಲ್ಲಿ ದಿನಗೂಲಿ ಸಿಕ್ಕಿತು. ಪಗಾರ ಮೊದಲಿನ ಅರ್ಧವೂ ಇಲ್ಲ. ಈಗ ತಿಂಗಳ ಮೊದಲ ದುಡ್ಡು ಗುಂಪಿನ ಸಾಲಕ್ಕೂ ಮನೆಯ ಕಂತಿಗೂ ಹೋಗುತ್ತದೆ, ಆಮೇಲೆ ಸಹಕಾರ ಸಂಘಕ್ಕೆ, ಏಕೆಂದರೆ ಆ ಮೂರರಲ್ಲಿ ಅವಳ ಸಹಿ ಇದೆ. ಕೊನೆಗೆ ಉಳಿದದ್ದು ಅವನ ವೈಯಕ್ತಿಕ ಸಾಲಕ್ಕೆ. ಆ ಬ್ಯಾಂಕಿನೊಂದಿಗೆ ಒಂದೇ ಗಂಟಿನಲ್ಲಿ ರಾಜಿ ಮಾಡಿಕೊಳ್ಳಲು ಮುಂದಿನ ಲೋಕ ಅದಾಲತ್‌ಗೆ ಅವನೇ ಅರ್ಜಿ ಹಾಕಿದ್ದಾನೆ. ಅರ್ಜಿಯಲ್ಲಿ ಅವಳ ಹೆಸರು ಎಲ್ಲಿಯಾದರೂ ಸೇರಿದೆಯೇ ಎಂದು ಈ ಸಲ ಅವಳೇ ಓದಿ ನೋಡಿದಳು.